ಕಾಗೆ ಬಂಗಾರ



ಹೊಲದಲ್ಲಿ ಕಳೆ ಕೀಳುವಾಗ ನೀವು ನೋಡಿರಬಹುದು. ಬಾವಿ ತೋಡುವಾಗ ನೋಡಿರಬಹುದು. ಹಳ್ಳದ ಮರಳನ್ನು ಬುಟ್ಟಿಗೆ ತುಂಬುವಾಗ ನೋಡಿರಬಹುದು. ಮಣ್ಣಿನ ನಡುವೆ ಏನೋ ಫಳಕ್ ಅಂತ ಹೊಳೆಯುತ್ತದೆ. ಕಂದು ಬಣ್ಣ. ತಿಕ್ಕಿದ ಕಂಚಿನ ಚೊಂಬಿನ ಹಾಗೆ ಮಿಂಚು. ಕೈಗೆ ತೆಗೆದುಕೊಂಡರೆ ಬೆರಳಿಗೆಲ್ಲ ಮಿಣಮಿಣ ಪುಡಿ ಅಂಟುತ್ತದೆ.

ಏನು ಇದು? ಚಿನ್ನವೇ? ಹಿತ್ತಾಳೆಯೇ? ಬರೀ ಕಲ್ಲೇ?

ಇದಕ್ಕೆ ನಮ್ಮ ಹಿರಿಯರು ಒಂದು ಹೆಸರು ಇಟ್ಟಿದ್ದಾರೆ. ಕಾಗೆ ಬಂಗಾರ. ಪುಸ್ತಕದಲ್ಲಿ ಇದನ್ನು ಅಭ್ರಕ ಎಂದು ಬರೆಯುತ್ತಾರೆ. ಪೇಟೆಯವರು ಮೈಕಾ ಅನ್ನುತ್ತಾರೆ. ಮೂರೂ ಒಂದೇ.

ಒಬ್ಬ ಅಕ್ಕನ ಕತೆ

ಮೊದಲು ಒಂದು ಕತೆ ಕೇಳಿ. ಇಂಥದು ಯಾವ ಊರಲ್ಲಾದರೂ ನಡೆಯಬಹುದು.

ಒಬ್ಬ ಅಕ್ಕನ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಹದಿನೈದು ಅಡಿ ಹೋದಾಗ ಕಂದು ಬಣ್ಣದ ಕಲ್ಲು ಬಂತು. ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುವ ಹಾಗೆ ಹೊಳೆಯಿತು. ಊರಿನವರೆಲ್ಲ ಬಂದು ನೋಡಿದರು.

“ನಿನ್ನ ಹೊಲದಾಗೆ ಚಿನ್ನ ಐತೆ ಕಣಕ್ಕಾ. ನಿನ್ನ ಕಷ್ಟ ತೀರ್ತು” ಅಂದರು.

ಎರಡು ದಿನ ಕಳೆಯಿತು. ಪೇಟೆಯಿಂದ ಒಬ್ಬ ಬಂದ. ಇಸ್ತ್ರಿ ಅಂಗಿ. ಕೈಯಲ್ಲಿ ಚೀಲ. ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದರಾಗೆ ಚಿನ್ನ ಐತಮ್ಮ. ಪರೀಕ್ಷೆ ಮಾಡಿಸ್ಬೇಕು. ಅದಕ್ಕೆ ಖರ್ಚು ಆಗ್ತದೆ. ಆಮೇಲೆ ಲಕ್ಷ ಲಕ್ಷ ಬರ್ತದೆ” ಅಂದ. ಒಂದು ಕಾಗದ ಕೊಟ್ಟ. ಅಕ್ಕ ಹೆಬ್ಬೆಟ್ಟು ಒತ್ತಿದಳು. ಖರ್ಚಿಗೆ ಹಣ ಎಲ್ಲಿಂದ ತರುವುದು? ಕಿವಿಯ ಓಲೆಯನ್ನು ಗಿರವಿ ಇಟ್ಟಳು.

ಅವನು ಹೋದ. ಮತ್ತೆ ಬರಲಿಲ್ಲ.

ಇರುವ ಚಿನ್ನ ಹೋಯಿತು. ಇಲ್ಲದ ಚಿನ್ನ ಬರಲಿಲ್ಲ. ಹೊಲದಲ್ಲಿ ಸಿಕ್ಕಿದ್ದು ಕಾಗೆ ಬಂಗಾರ.

ಆ ಅಕ್ಕ ದಡ್ಡಿಯಲ್ಲ. ಕಾಗೆ ಬಂಗಾರ ಎಂಥವರ ಕಣ್ಣನ್ನೂ ಮೋಸ ಮಾಡುತ್ತದೆ. ಆದರೆ ಕೈಗೆ ಮೋಸ ಮಾಡಲಾರದು. ಹೇಗೆ ಅಂತ ಈಗ ನೋಡೋಣ.

ಕಾಗೆ ಬಂಗಾರ ಅಂದರೆ ಏನು?

ಕಾಗೆ ಬಂಗಾರ ಒಂದು ಖನಿಜ. ಖನಿಜ ಅಂದರೆ ಭೂಮಿಯಲ್ಲಿ ತಾನಾಗಿ ಆದ ವಸ್ತು. ಉಪ್ಪು ಒಂದು ಖನಿಜ. ಸುಣ್ಣದ ಕಲ್ಲಿನಲ್ಲಿ ಇರುವುದೂ ಖನಿಜ. ಹಲವು ಖನಿಜಗಳು ಸೇರಿ ಬಂಡೆ ಆಗುತ್ತದೆ.

ನಿಮ್ಮ ಮನೆಯ ರುಬ್ಬುವ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ. ಹಲವು ಕಲ್ಲುಗಳಲ್ಲಿ ಆ ಮಿನುಗು ಕಾಗೆ ಬಂಗಾರದ್ದೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಒಂದು ದೊಡ್ಡ ಬಂಡೆ ಇದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೈಮೇಲೆ ಕಪ್ಪು ಪಟ್ಟೆ, ಬಿಳಿ ಪಟ್ಟೆ ಕಾಣುತ್ತವೆ. ಆ ಕಪ್ಪು ಪಟ್ಟೆಯಲ್ಲಿ ಕಪ್ಪು ಅಭ್ರಕ ಇದೆ. ಅಂದರೆ ಕಾಗೆ ಬಂಗಾರ ನಮ್ಮ ನೆಲಕ್ಕೆ ಹೊಸದಲ್ಲ. ನಾವು ಹುಟ್ಟುವ ಮೊದಲೇ, ಮರ ಗಿಡ ಹುಟ್ಟುವ ಮೊದಲೇ ಅದು ಇಲ್ಲಿ ಇತ್ತು.

ಅಭ್ರಕದಲ್ಲಿ ಹಲವು ಬಗೆ. ಒಂದು ಬಿಳಿ. ಗಾಜಿನ ಹಾಗೆ ಇರುತ್ತದೆ. ಒಂದು ಕಪ್ಪು. ಇನ್ನೊಂದು ಕಂದು. ಕಪ್ಪು ಮತ್ತು ಕಂದು ಅಭ್ರಕದಲ್ಲಿ ಕಬ್ಬಿಣದ ಅಂಶ ಇರುತ್ತದೆ.

ಕಪ್ಪು ಅಭ್ರಕ ಕಂಚಿನ ಬಣ್ಣಕ್ಕೆ ತಿರುಗುವುದೂ ಉಂಟು. ಮನೆಯ ಹೊರಗೆ ಬಿಟ್ಟ ಕುಡುಗೋಲು ಮಳೆಗೆ ಏನಾಗುತ್ತದೆ? ತುಕ್ಕು ಹಿಡಿದು ಕೆಂಪಾಗುತ್ತದೆ. ಅಭ್ರಕದ ಕತೆಯೂ ಹಾಗೆಯೇ. ಮಳೆ, ಗಾಳಿ, ಬಿಸಿಲಿಗೆ ಸಿಕ್ಕಿ ಅದರೊಳಗಿನ ಕಬ್ಬಿಣ ಬದಲಾಗುತ್ತದೆ. ಪದರದ ನಡುವೆ ನೀರು ಸೇರುತ್ತದೆ. ಬಣ್ಣ ಕಂದಾಗುತ್ತದೆ. ಹೊಳಪು ಹಾಗೇ ಉಳಿಯುತ್ತದೆ. ಆಗ ಅದು ಚಿನ್ನದ ಹಾಗೆ ಕಾಣುತ್ತದೆ. ಹೊಲದಲ್ಲಿ ಜನ ಮೋಸ ಹೋಗುವುದು ಇಲ್ಲೇ.

ಯಾಕೆ ಹೊಳೆಯುತ್ತದೆ?

ಈರುಳ್ಳಿ ಸುಲಿದು ನೋಡಿ. ಪದರದ ಮೇಲೆ ಪದರ. ಕಾಗೆ ಬಂಗಾರವೂ ಹಾಗೆಯೇ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದು ಹಾಳೆ ಒಳಗೆ ಗಟ್ಟಿ. ಆದರೆ ಹಾಳೆಗೂ ಹಾಳೆಗೂ ನಡುವೆ ಅಂಟು ಕಡಿಮೆ. ಅದಕ್ಕೇ ಉಗುರಿನಿಂದ ಎಬ್ಬಿಸಿದರೂ ಹಾಳೆ ಬಿಡಿಸಿಕೊಳ್ಳುತ್ತದೆ.

ಈ ಹಾಳೆಗಳ ಮೈ ಬಲು ನುಣುಪು. ಕನ್ನಡಿಯ ಹಾಗೆ. ಅದರ ಮೇಲೆ ಬೆಳಕು ಬಿದ್ದು ಹಿಂದಕ್ಕೆ ಚಿಮ್ಮುತ್ತದೆ. ಅದೇ ನಾವು ಕಾಣುವ ಫಳಫಳ. ಒಳಗೆ ಚಿನ್ನವೂ ಇಲ್ಲ, ಕಂಚೂ ಇಲ್ಲ. ಹೊಳಪು ಬೆಳಕಿನ ಆಟ.

ಗುರುತು ಹಿಡಿಯುವುದು ಹೇಗೆ?

ಇದಕ್ಕೆ ದುಡ್ಡು ಬೇಡ. ಯಂತ್ರ ಬೇಡ. ನಿಮ್ಮ ಕೈ, ಕಣ್ಣು, ಒಂದು ಬಟ್ಟಲು ನೀರು ಸಾಕು. ಒಂದೊಂದಾಗಿ ಮಾಡಿ ನೋಡಿ.

1. ನೆರಳಿಗೆ ಹಿಡಿಯಿರಿ. ಕಲ್ಲನ್ನು ಬಿಸಿಲಿನಲ್ಲಿ ನೋಡಿ. ಆಮೇಲೆ ನೆರಳಿಗೆ ತನ್ನಿ. ಮೆಲ್ಲಗೆ ತಿರುಗಿಸಿ. ಕಾಗೆ ಬಂಗಾರ ಒಂದು ಕಡೆ ಹಿಡಿದಾಗ ಮಿಂಚುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಮಂಕಾಗುತ್ತದೆ. ಚಿನ್ನ ಹಾಗಲ್ಲ. ಬಿಸಿಲಿಗೂ ಹಳದಿ, ನೆರಳಿಗೂ ಹಳದಿ.

2. ಉಗುರಿನಿಂದ ಎಬ್ಬಿಸಿ. ಅಂಚಿಗೆ ಉಗುರು ಅಥವಾ ಸೂಜಿ ಹಾಕಿ. ತೆಳ್ಳನೆ ಸಿಪ್ಪೆಯಾಗಿ ಎದ್ದು ಬಂದರೆ ಅದು ಅಭ್ರಕ. ಚಿನ್ನ ಹೀಗೆ ಸಿಪ್ಪೆ ಸಿಪ್ಪೆಯಾಗಿ ಬರುವುದಿಲ್ಲ.

3. ಬಾಗಿಸಿ ನೋಡಿ. ಹಾಳೆಯನ್ನು ಸ್ವಲ್ಪ ಬಾಗಿಸಿ ಬಿಡಿ. ಒಳ್ಳೆಯ ಅಭ್ರಕ ಸೆಟೆದು ಮೊದಲಿನ ಹಾಗೇ ನಿಲ್ಲುತ್ತದೆ. ತೆಳ್ಳನೆ ಚಿನ್ನದ ತಗಡು ಬಾಗಿಸಿದರೆ ಬಾಗಿದ ಹಾಗೇ ಇರುತ್ತದೆ. ಹಳೆಯದಾಗಿ ಮೆತ್ತಗಾದ ಕಾಗೆ ಬಂಗಾರ ಸೆಟೆಯದೆ ಮುರಿಯಬಹುದು. ಆಗ ಬೇರೆ ಪರೀಕ್ಷೆ ಮಾಡಿ.

4. ಜಜ್ಜಿ ನೋಡಿ. ಒಂದು ಚೂರನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಕುಟ್ಟಿ. ಕಾಗೆ ಬಂಗಾರ ಚೂರು ಚೂರಾಗಿ ಹೊಟ್ಟಿನ ಹಾಗೆ ಉದುರುತ್ತದೆ. ಚಿನ್ನ ಉದುರುವುದಿಲ್ಲ. ಚಪ್ಪಟೆ ಆಗುತ್ತದೆ. ಅಕ್ಕಸಾಲಿಗರು ಚಿನ್ನವನ್ನು ಬಡಿದು ಬಡಿದು ತಗಡು ಮಾಡುವುದನ್ನು ನೀವು ಕಂಡಿದ್ದೀರಲ್ಲ! ಕುಟ್ಟುವಾಗ ಚೂರು ಕಣ್ಣಿಗೆ ಹಾರಬಹುದು. ಬಟ್ಟೆ ಮುಚ್ಚಿ ಕುಟ್ಟಿ. ಮಕ್ಕಳನ್ನು ದೂರ ಇಡಿ.

5. ಗೆರೆ ಎಳೆಯಿರಿ. ಪಿಂಗಾಣಿ ಬಟ್ಟಲಿನ ತಳದಲ್ಲಿ ನುಣುಪು ಇಲ್ಲದ ಒರಟು ಅಂಚು ಇರುತ್ತದೆ. ಅದಕ್ಕೆ ಉಜ್ಜಿ. ಚಿನ್ನದ ಗೆರೆ ಹಳದಿ. ಕಾಗೆ ಬಂಗಾರದ ಗೆರೆ ಬಿಳುಪು ಅಥವಾ ಬೂದಿ ಬಣ್ಣ.

6. ನೀರಿನಲ್ಲಿ ಜಾಲಾಡಿ. ಅಕ್ಕಿಯಲ್ಲಿ ಕಲ್ಲು ತೆಗೆಯಲು ಜಾಲಾಡುತ್ತೀರಲ್ಲ, ಹಾಗೆ. ಹೊಳೆಯುವ ಪುಡಿಯನ್ನು ಮರಳಿನ ಜೊತೆ ನೀರಿಗೆ ಹಾಕಿ ಆಡಿಸಿ. ಕಾಗೆ ಬಂಗಾರದ ಚಕ್ಕೆ ಹಗುರ. ನೀರಿನ ಜೊತೆ ಎದ್ದು ಹರಿದು ಹೋಗುತ್ತದೆ. ಚಿನ್ನ ತಳ ಬಿಡುವುದಿಲ್ಲ. ಯಾಕೆ? ಒಂದು ಚೊಂಬು ನೀರಿಗಿಂತ ಅಷ್ಟೇ ಗಾತ್ರದ ಅಭ್ರಕ ಸುಮಾರು 3 ಪಟ್ಟು ಭಾರ. ಅಷ್ಟೇ ಗಾತ್ರದ ಚಿನ್ನ 19 ಪಟ್ಟು ಭಾರ!

ಒಂದೇ ಪರೀಕ್ಷೆ ಮಾಡಿ ನಿಲ್ಲಿಸಬೇಡಿ. ಎರಡು ಮೂರು ಮಾಡಿ. ಎಲ್ಲವೂ ಒಂದೇ ಮಾತು ಹೇಳಿದರೆ ಆಗ ನಂಬಿ. ಆಸಿಡ್ ಹಾಕಿ ನೋಡುವುದು ಮಾತ್ರ ಬೇಡವೇ ಬೇಡ. ಕೈ ಸುಡುತ್ತದೆ, ಕಣ್ಣು ಹೋಗುತ್ತದೆ.

ಮೋಸ ಮಾಡುವ ಇನ್ನೊಂದು ಕಲ್ಲು

ಕಾಗೆ ಬಂಗಾರ ಅಲ್ಲದೆ ಇನ್ನೊಂದು ಖನಿಜವೂ ಚಿನ್ನದ ವೇಷ ಹಾಕುತ್ತದೆ. ಅದರ ಹೆಸರು ಪೈರೈಟ್. ಅದು ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಹಿತ್ತಾಳೆ ಬಣ್ಣ. ಹಲವು ಸಲ ಚೌಕ ಚೌಕವಾಗಿ ಇರುತ್ತದೆ. ಇದು ಸಿಪ್ಪೆ ಬಿಡುವುದಿಲ್ಲ. ಬಲು ಗಟ್ಟಿ. ಕುಟ್ಟಿದರೆ ಪುಡಿಯಾಗುತ್ತದೆ. ಗಂಧಕದ ವಾಸನೆ ಬರುತ್ತದೆ. ಇದರ ಗೆರೆ ಹಳದಿಯಲ್ಲ, ಹಸಿರು ಬೆರೆತ ಕಪ್ಪು.

ಹಾಗಾದರೆ ನಮ್ಮ ನೆಲದಲ್ಲಿ ಚಿನ್ನ ಇಲ್ಲವೇ? ಇದೆ. ಕೋಲಾರದ ಗಣಿಯಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದರು. 2001ರಲ್ಲಿ ಆ ಗಣಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಆದರೆ ಅಲ್ಲಿ ಕೂಡ ಚಿನ್ನ ಹೀಗೆ ಕಣ್ಣಿಗೆ ರಾಚುವ ಹಾಗೆ ಬಿದ್ದಿರುವುದಿಲ್ಲ. ಒಂದು ಟನ್ ಕಲ್ಲು ಅಂದರೆ 1000 ಕಿಲೋ. ಅಷ್ಟು ಕಲ್ಲನ್ನು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ನೆಲ ತೋಡಿದ ಕೂಡಲೇ ಬುಟ್ಟಿಗಟ್ಟಲೆ ಹೊಳೆಯುವ ವಸ್ತು ಸಿಕ್ಕರೆ, ಅದು ಚಿನ್ನ ಇರಲಾರದು ಅಂತ ತಿಳಿಯಿರಿ.

ಸಂಶಯ ಇದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಮನೆ ಬಾಗಿಲಿಗೆ ಬಂದವನ ಕೈಗೆ ಹಣ ಕೊಡಬೇಡಿ.

ಉಂಗುರದ ಕಂದು ಕಲ್ಲುಗಳು

ಜಾತ್ರೆಯಲ್ಲಿ, ಸಂತೆಯಲ್ಲಿ ಉಂಗುರದ ಕಲ್ಲು ಮಾರುತ್ತಾರೆ. ಕಂದು ಬಣ್ಣದಲ್ಲಿ ಮಿಂಚುವ ಕಲ್ಲುಗಳಲ್ಲಿ ಮೂರನ್ನು ತಿಳಿದಿರಿ.

ಒಂದು, ಹುಲಿಗಣ್ಣು. ಕಂದು ಮತ್ತು ಹಳದಿ ಪಟ್ಟೆ. ಕಲ್ಲನ್ನು ತಿರುಗಿಸಿದರೆ ಬೆಳಕಿನ ಪಟ್ಟೆಯೂ ಹುಲಿಯ ಕಣ್ಣಿನಂತೆ ಸರಿಯುತ್ತದೆ. ಗಾಜಿನ ಮೇಲೆ ಗೀರು ಹಾಕುವಷ್ಟು ಗಟ್ಟಿ.

ಎರಡು, ಬ್ರಾಂಜೈಟ್. ಬ್ರಾಂಜ್ ಅಂದರೆ ಕಂಚು. ಕಂಚಿನ ಮಿಂಚು ಇರುವುದರಿಂದ ಈ ಹೆಸರು. ಕಡು ಕಂದು ಬಣ್ಣ. ಹಳೆಯ ಕಂಚಿನ ಪಾತ್ರೆಯ ಹಾಗೆ ಮೆಲ್ಲನೆ ಹೊಳೆಯುತ್ತದೆ. ಇದರಲ್ಲಿ ಕಂಚು ಇಲ್ಲ. ಕಬ್ಬಿಣದ ಅಂಶ ಇದೆ. ಕಾಗೆ ಬಂಗಾರದ ಹಾಗೆ ಉಗುರಿಗೆ ಸಿಪ್ಪೆ ಏಳುವುದಿಲ್ಲ.

ಮೂರು, ಚಿನ್ನದ ಚುಕ್ಕಿಯ ಕಲ್ಲು. ಕಂದು ಕಲ್ಲಿನ ತುಂಬ ಸಣ್ಣ ಸಣ್ಣ ನಕ್ಷತ್ರ ಚೆಲ್ಲಿದ ಹಾಗೆ ಇರುತ್ತದೆ. ನೋಡಲು ಬಲು ಚೆಂದ. ಆದರೆ ಅದು ಕಲ್ಲೇ ಅಲ್ಲ. ಗಾಜು. ಗಾಜು ಕರಗಿಸುವಾಗ ತಾಮ್ರ ಸೇರಿಸಿ ಮಾಡುತ್ತಾರೆ. ಇಟಲಿ ದೇಶದ ವೆನಿಸ್ ಊರಿನ ಗಾಜಿನ ಕೆಲಸದವರು ಇದಕ್ಕೆ ಹೆಸರಾದವರು. ಚುಕ್ಕಿಗಳು ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಅದು ಗಾಜು ಅಂತ ತಿಳಿಯಿರಿ. ಗಾಜಿನ ಬೆಲೆಗೆ ಕೊಳ್ಳಿ, ಹಾಕಿಕೊಳ್ಳಿ. ತಪ್ಪಿಲ್ಲ. ಭೂಮಿಯಲ್ಲಿ ಸಿಕ್ಕ ಕಲ್ಲು ಅಂತ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ.

ಕಾಗೆ ಬಂಗಾರದಿಂದ ಏನು ಉಪಯೋಗ?

ಚಿನ್ನ ಅಲ್ಲ ಅಂದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಅಂತಲ್ಲ.

ಅಭ್ರಕದ ಹಾಳೆ ಬೆಂಕಿಗೆ ಬೇಗ ಸುಡುವುದಿಲ್ಲ. ಅದರೊಳಗೆ ಕರೆಂಟು ಹರಿಯುವುದಿಲ್ಲ. ಅದಕ್ಕೇ ಕರೆಂಟಿನ ಇಸ್ತ್ರಿ ಪೆಟ್ಟಿಗೆಯ ಒಳಗೆ ಕಾಯುವ ತಂತಿಯನ್ನು ಅಭ್ರಕದ ಹಾಳೆಗೆ ಸುತ್ತುತ್ತಿದ್ದರು. ತಂತಿ ಕೆಂಪಗೆ ಕಾದರೂ ಕರೆಂಟು ಪೆಟ್ಟಿಗೆಗೆ ಬರುವುದಿಲ್ಲ. ನಮ್ಮ ಕೈ ಉಳಿಯುತ್ತದೆ. ಹಿಂದೆ ರಷ್ಯಾ ದೇಶದಲ್ಲಿ ಕಿಟಕಿಗೆ ಗಾಜಿನ ಬದಲು ಬಿಳಿ ಅಭ್ರಕ ಹಾಕುತ್ತಿದ್ದರು.

ಒಂದು ಬಗೆಯ ಕಂದು ಕಾಗೆ ಬಂಗಾರವನ್ನು ಕಾರ್ಖಾನೆಯಲ್ಲಿ ಹುರಿಯುತ್ತಾರೆ. ಪದರದ ನಡುವೆ ಇರುವ ನೀರು ಆವಿಯಾಗಿ ನುಗ್ಗುತ್ತದೆ. ಕಲ್ಲು ಅರಳಿನ ಹಾಗೆ ಉಬ್ಬುತ್ತದೆ! ಅದು ಹಗುರ. ನೀರು ಹಿಡಿದಿಡುತ್ತದೆ. ಸಸಿ ಬೆಳೆಸುವವರು ಮಣ್ಣಿಗೆ ಬೆರೆಸುತ್ತಾರೆ. ಮನೆಯಲ್ಲಿ ಹುರಿಯಲು ಹೋಗಬೇಡಿ. ಕಲ್ಲು ಸಿಡಿಯಬಹುದು.

ಅಭ್ರಕವನ್ನು ನುಣ್ಣಗೆ ಪುಡಿ ಮಾಡಿ ಬಣ್ಣಕ್ಕೆ ಸೇರಿಸುತ್ತಾರೆ. ಕೆಲವು ಕಾರಿನ ಬಣ್ಣ ಮಿಂಚುವುದು ಇದರಿಂದ. ತುಟಿಗೆ, ಕಣ್ಣಿಗೆ, ಉಗುರಿಗೆ ಹಚ್ಚುವ ಬಣ್ಣ ಮಿಂಚುವುದೂ ಹಲವು ಸಲ ಇದರಿಂದಲೇ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಮೈಕಾ ಎಂದೋ, 77019 ಎಂಬ ಅಂಕಿಯೋ ಇರುತ್ತದೆ. ನೋಡಿ, ಓದಿ.

ಆ ಮಿಂಚನ್ನು ಆರಿಸಿದ ಕೈಗಳು

ನಮ್ಮ ದೇಶದ ಹೆಸರಾದ ಅಭ್ರಕ ಜಾರ್ಖಂಡ್ ರಾಜ್ಯದ ಕೋಡರ್ಮ, ಗಿರಿಡೀಹ್ ಕಡೆ ಸಿಗುತ್ತದೆ. 2000ದವರೆಗೆ ಇವು ಬಿಹಾರಕ್ಕೆ ಸೇರಿದ್ದವು. ಅಲ್ಲಿನ ಅಭ್ರಕ ದಪ್ಪ ತುಂಡಾಗಿದ್ದಾಗ ಕೆಂಪು ಬೆರೆತ ಕಂದು ಬಣ್ಣ. ಅದನ್ನು ಮಾಣಿಕ್ಯ ಅಭ್ರಕ ಅಂತ ಹೊರದೇಶದವರು ಕೊಳ್ಳುತ್ತಿದ್ದರು. ಆಂಧ್ರದ ನೆಲ್ಲೂರು, ರಾಜಸ್ಥಾನದ ಭಿಲ್ವಾಡಾ ಕಡೆಯೂ ಅಭ್ರಕ ಇದೆ.

ತುಂಡನ್ನು ಹಾಳೆ ಹಾಳೆಯಾಗಿ ಬಿಡಿಸುವುದು ಕೈ ಕೆಲಸ. ಸಣ್ಣ ಚಾಕು ಹಿಡಿದು ಹೆಂಗಸರು ಬಿಡಿಸುತ್ತಿದ್ದರು. ಬರಬರುತ್ತಾ ದೊಡ್ಡ ಗಣಿಗಳು ಮುಚ್ಚಿದವು. ಬಡತನ ಮುಚ್ಚಲಿಲ್ಲ. ಜನ ಹಳೆಯ ಗುಂಡಿಗಳಿಗೆ ಇಳಿದು ಚೂರು ಆರಿಸತೊಡಗಿದರು. ತಾಯಿಯ ಜೊತೆ ಮಕ್ಕಳೂ ಇಳಿದರು. ಗುಂಡಿ ಕುಸಿದು ಮಕ್ಕಳು ಸತ್ತದ್ದನ್ನು 2016ರಲ್ಲಿ ಪತ್ರಕರ್ತರು ಹೊರಗೆ ತಂದರು. ಅದರ ಮರು ವರ್ಷ, 2017ರಲ್ಲಿ, ಅಭ್ರಕ ಕೊಳ್ಳುವ ಹಲವು ಕಂಪನಿಗಳು ಸೇರಿ ಮಕ್ಕಳ ದುಡಿಮೆ ನಿಲ್ಲಿಸಲು ಒಂದು ಸಂಘ ಮಾಡಿಕೊಂಡವು.

ಒಬ್ಬರ ತುಟಿಯ ಮಿಂಚಿಗೆ ಇನ್ನೊಬ್ಬಳ ಮಗು ಗುಂಡಿಗೆ ಇಳಿಯಬಾರದು. ಇಷ್ಟು ನಮಗೆ ತಿಳಿದಿರಲಿ.

ಎಚ್ಚರ

ಅಭ್ರಕ ಮುಟ್ಟಿದರೆ ಏನೂ ಆಗುವುದಿಲ್ಲ. ದೂಳು ಕುಡಿದರೆ ಕೆಟ್ಟದ್ದು. ಕಲ್ಲು ಒಡೆಯುವ, ಬಾವಿ ತೋಡುವ, ಜಲ್ಲಿ ಮಾಡುವ ಕೆಲಸದಲ್ಲಿ ಕಲ್ಲಿನ ದೂಳು ಉಸಿರಿನ ಜೊತೆ ಎದೆಗೆ ಹೋಗುತ್ತದೆ. ವರ್ಷಗಟ್ಟಲೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಕೆಮ್ಮು, ಏದುಸಿರು ಬರುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಅಂತ ಹೆಸರು. ಕೆಟ್ಟ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ. ಬಾರದ ಹಾಗೆ ನೋಡಿಕೊಳ್ಳಬೇಕು. ಕಲ್ಲಿಗೆ ನೀರು ಚಿಮುಕಿಸಿ ಒಡೆಯಿರಿ. ಒಳ್ಳೆಯ ಮಾಸ್ಕ್ ಕೇಳಿ ಪಡೆಯಿರಿ. ಮಕ್ಕಳನ್ನು ಆ ಜಾಗದಲ್ಲಿ ಮಲಗಿಸಬೇಡಿ. ಬಿಡದ ಕೆಮ್ಮು ಇದ್ದರೆ ಆಸ್ಪತ್ರೆಗೆ ಹೋಗಿ, ಕಲ್ಲಿನ ಕೆಲಸ ಮಾಡುತ್ತೇನೆ ಅಂತ ವೈದ್ಯರಿಗೆ ಹೇಳಿ.

ಅಭ್ರಕ ಭಸ್ಮ ಅಂತ ಆಯುರ್ವೇದದಲ್ಲಿ ಒಂದು ಔಷಧಿ ಇದೆ. ಹಾಗಂತ ಹೊಲದ ಕಾಗೆ ಬಂಗಾರವನ್ನು ಅರೆದು ತಿನ್ನಬೇಡಿ, ಮಕ್ಕಳಿಗೆ ತಿನ್ನಿಸಬೇಡಿ. ಮಿಂಚುವ ರಂಗೋಲಿ ಪುಡಿ, ಹೋಳಿಯ ಪುಡಿ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಚೊಕ್ಕ ನೀರಿನಲ್ಲಿ ತೊಳೆಯಿರಿ.

ಮತ್ತೆ ಆ ಅಕ್ಕ

ಕತೆಯ ಅಕ್ಕ ಏನಾದಳು? ಕೆಲವು ದಿನ ಅತ್ತಳು. ಆಮೇಲೆ ರಾತ್ರಿ ಪಾಠಕ್ಕೆ ಬಂದಳು. ಅಕ್ಷರ ಕೂಡಿಸಿ ಓದಲು ಕಲಿತಳು. ಒಂದು ದಿನ ಪೆಟ್ಟಿಗೆಯಿಂದ ಆ ಹಳೆಯ ಕಾಗದ ತೆಗೆದಳು. ಬೆರಳಿಟ್ಟು ಓದಿದಳು. ‘ಪರೀಕ್ಷೆಯ ಹಣ ವಾಪಸು ಕೊಡುವುದಿಲ್ಲ’ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಅವಳದೇ ಹೆಬ್ಬೆಟ್ಟು.

“ಅವತ್ತೇ ಓದಾಕೆ ಬಂದಿದ್ರೆ ನನ್ನ ಓಲೆ ಉಳೀತಿತ್ತು” ಅಂದಳು.

ಕೂಲಿ ಮಾಡಿ ಮೂರು ವರ್ಷಕ್ಕೆ ಹಣ ಕೂಡಿಟ್ಟಳು. ಹೊಸ ಓಲೆ ಕೊಳ್ಳಲು ಅಂಗಡಿಗೆ ಹೋದಳು. ಈ ಸಲ ಹೊಳಪು ನೋಡಿ ಸುಮ್ಮನಾಗಲಿಲ್ಲ. “ಹಾಲ್‌ಮಾರ್ಕ್ ತೋರಿಸಿ” ಅಂದಳು. ಭೂತಗನ್ನಡಿ ಇಸಿದುಕೊಂಡು ನೋಡಿದಳು. ಒಂದು ತ್ರಿಕೋನದ ಗುರುತು. ಪಕ್ಕದಲ್ಲಿ 22ಕೆ 916. ಅಂದರೆ 1000 ಪಾಲಿನಲ್ಲಿ 916 ಪಾಲು ಚಿನ್ನ. ಅದರ ಪಕ್ಕ ಅಕ್ಷರ, ಅಂಕಿ ಸೇರಿದ ಆರು ಗುರುತು. 2021ರಿಂದ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಗುತ್ತಾ ಬಂದಿದೆ. ಈ ಆರರ ಗುರುತು 2023ರ ಏಪ್ರಿಲ್ 1ರಿಂದ ಬೇಕೇ ಬೇಕು. ಎಲ್ಲ ನೋಡಿ, ರಸೀದಿ ಬರೆಸಿ, ಓದಿ, ತನ್ನ ಹೆಸರನ್ನು ತಾನೇ ಬರೆದಳು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಳೆಯುವುದೆಲ್ಲ ಚಿನ್ನವಲ್ಲ. ಈ ಗಾದೆ ನಮಗೆ ಮೊದಲೇ ಗೊತ್ತು. ಯಾವುದು ಹಾಲು, ಯಾವುದು ಚಿನ್ನ ಅಂತ ನೋಡಿ ತಿಳಿಯುವುದನ್ನೂ ನಾವು ಕಲಿಯೋಣ.

ಉತ್ತರ ಹೇಳಿ

1. ಕಾಗೆ ಬಂಗಾರಕ್ಕೆ ಇರುವ ಇನ್ನೆರಡು ಹೆಸರು ಯಾವುವು?
2. ಕಾಗೆ ಬಂಗಾರವನ್ನು ಕುಟ್ಟಿದರೆ ಏನಾಗುತ್ತದೆ? ಚಿನ್ನವನ್ನು ಕುಟ್ಟಿದರೆ ಏನಾಗುತ್ತದೆ?
3. ಇಸ್ತ್ರಿ ಪೆಟ್ಟಿಗೆಯಲ್ಲಿ ಅಭ್ರಕ ಯಾಕೆ ಹಾಕುತ್ತಿದ್ದರು?
4. ಆ ಅಕ್ಕ ಮೋಸ ಹೋದದ್ದು ಕಲ್ಲಿನಿಂದಲೋ, ಕಾಗದದಿಂದಲೋ? ನಿಮ್ಮ ಗುಂಪಿನಲ್ಲಿ ಮಾತಾಡಿ.

ಮಾಡಿ ನೋಡಿ

ನಿಮ್ಮ ಊರಿನ ಹಳ್ಳದಿಂದ ಒಂದು ಹಿಡಿ ಮರಳು ತನ್ನಿ. ಬಟ್ಟಲಿನಲ್ಲಿ ನೀರು ಹಾಕಿ ಜಾಲಾಡಿ. ಹೊಳೆಯುವ ಚೂರು ಮೇಲೆ ಬಂತೋ, ತಳದಲ್ಲಿ ಉಳಿಯಿತೋ? ನೋಡಿದ್ದನ್ನು ಎರಡು ಸಾಲು ಬರೆಯಿರಿ.